ಶ್ಯಾಮನ ತಾಯಿಯ ಹೆಸರು

ತಾಯಿಯನ್ನು ನೆನೆದು ಬರೆದ ಪುಸ್ತಕಗಳಲ್ಲಿ ಎರಡು ಗುಣಗಳು ಬಹುಮಟ್ಟಿಗೆ ಜೋಡಿಯಾಗಿಯೇ ಬರುತ್ತವೆ: ಒಂದು ದೇವರಲ್ಲಿ ಆಕೆಗಿದ್ದ ನಿಷ್ಠೆ, ಇನ್ನೊಂದು ಮನೆಮಂದಿಗಾಗಿ ಆಕೆ ಸವೆದ ಬಗೆ. ಇವೆರಡನ್ನೂ ಹೊಗಳುವ ಮಾತು ಭಾರತೀಯ ಭಾಷೆಗಳಲ್ಲೆಲ್ಲ ಎಷ್ಟು ಪಳಗಿಹೋಗಿದೆಯೆಂದರೆ, ಹೊಗಳಿಸಿಕೊಂಡ ಹೆಂಗಸು ಯಾರು, ಆಕೆ ಏನನ್ನು ಬಯಸಿದಳು, ಯಾವುದಕ್ಕೆ ಸಿಟ್ಟಾದಳು ಎಂಬುದು ಆ ಮಾತಿನೊಳಗೆ ಕರಗಿ ಕಾಣದಾಗುತ್ತದೆ. ಮರಾಠಿಯ 'ಶ್ಯಾಮಚಿ ಆಯಿ', ಅಂದರೆ 'ಶ್ಯಾಮನ ತಾಯಿ', ಈ ಬಗೆಯ ಕೃತಿಗಳಲ್ಲಿ ಬಹಳ ಜನ ಓದಿದ್ದು. ಸಾನೆ ಗುರೂಜಿ ಎಂದು ಹೆಸರಾದ ಪಾಂಡುರಂಗ ಸದಾಶಿವ ಸಾನೆಯವರು (1899–1950) ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಯಾಗಿ ನಾಸಿಕದ ಜೈಲಿನಲ್ಲಿದ್ದಾಗ, 1933ರ ಫೆಬ್ರವರಿಯ ಐದು ದಿನಗಳಲ್ಲಿ ಇದನ್ನು ಬರೆದರು. 1935ರಲ್ಲಿ ಅದು ಪುಸ್ತಕವಾಯಿತು. ಆಶ್ರಮವೊಂದರ ಗೆಳೆಯರಿಗೆ ಶ್ಯಾಮನೆಂಬಾತ ಒಂದೊಂದು ರಾತ್ರಿ ತಾಯಿಯ ಒಂದೊಂದು ನೆನಪನ್ನು ಹೇಳುತ್ತ ಹೋಗುವುದು ಅದರ ಚೌಕಟ್ಟಾದ್ದರಿಂದ ಅಧ್ಯಾಯಗಳಿಗೆ 'ರಾತ್ರಿ' ಎಂದೇ ಹೆಸರು. ಆಚಾರ್ಯ ಅತ್ರೆಯವರು 1953ರಲ್ಲಿ ಇದನ್ನು ಚಲನಚಿತ್ರವಾಗಿಸಿದರು. ಮರುವರ್ಷ ರಾಷ್ಟ್ರಪ್ರಶಸ್ತಿಗಳು ಮೊದಲ ಬಾರಿಗೆ ಘೋಷಣೆಯಾದಾಗ ಶ್ರೇಷ್ಠ ಕಥಾಚಿತ್ರದ ಸುವರ್ಣಪದಕ ಅದಕ್ಕೇ ಸಂದಿತು.

ಕೆಳಗಿನ ಸಂವಾದದಲ್ಲಿ ಮಾತನಾಡುವವರು ಇಬ್ಬರು. ಹಿರಿಯರು ಗಡಿನಾಡಿನ ಶಾಲೆಗಳಲ್ಲಿ ಕನ್ನಡ ಮರಾಠಿ ಎರಡನ್ನೂ ಕಲಿಸಿ ನಿವೃತ್ತರಾಗಿ, ಈಗ ಈ ಪುಸ್ತಕದ ಕೆಲವು ರಾತ್ರಿಗಳನ್ನು ಕನ್ನಡಕ್ಕೆ ತರುತ್ತಿರುವವರು. ಕಿರಿಯಳು ಒಂದು ಕಾಲಕ್ಕೆ ಅವರಲ್ಲಿಯೇ ಕಲಿತವಳು, ಹೆಂಗಸರ ಜೀವನಕಥನಗಳ ಮೇಲೆ ಸಂಶೋಧನೆ ನಡೆಸುತ್ತಿರುವವಳು. ಹಸ್ತಪ್ರತಿಯನ್ನು ಓದಿ ಬಂದ ಕಿರಿಯಳ ಮೊದಲ ಆಕ್ಷೇಪ ಪುಸ್ತಕದ ಹೆಸರಿನ ಮೇಲೆಯೇ ಇತ್ತು.

ಕಿರಿಯಳು: ಗುರುಗಳೇ, ಇದು ತಾಯಿಯ ಪುಸ್ತಕವೆಂದು ಎಲ್ಲರೂ ಹೇಳುತ್ತಾರೆ, ಆದರೆ ಮುಖಪುಟದ ಮೇಲೆ ಇರುವುದು ಮಗನ ಹೆಸರು. ಆಕೆ ಶ್ಯಾಮನ ತಾಯಿ, ಅಷ್ಟೇ. ಹೆಣ್ಣು ಹುಟ್ಟಿದಾಗ ಇಂಥವರ ಮಗಳು, ಮದುವೆಯಾದಾಗ ಇಂಥವರ ಹೆಂಡತಿ, ಸತ್ತ ಮೇಲೆ ಇಂಥವನ ತಾಯಿ ಎಂದು ಕರೆಸಿಕೊಳ್ಳುವ ರೂಢಿಯನ್ನು ಇಷ್ಟು ಪ್ರೀತಿಯಿಂದ ಬರೆದ ಪುಸ್ತಕವೂ ಮುರಿಯಲಿಲ್ಲವಲ್ಲ!

ಹಿರಿಯರು: ಆ ಹೆಸರನ್ನು ಇನ್ನೊಂದು ತುದಿಯಿಂದಲೂ ಓದಬಹುದು, ತಂಗಿ. ಬರೆದವರ ಹೆಸರು ಶ್ಯಾಮ ಅಲ್ಲ, ಪಾಂಡುರಂಗ. ತಾಯಿಯ ಹೆಸರು ಯಶೋದಾಬಾಯಿ. ಕಥೆ ಹೇಳುವ ಹುಡುಗನಿಗೆ ಒಂದು ಹೆಸರು ಬೇಕಾದಾಗ, ಯಶೋದೆಯ ಮಗನಿಗೆ ಶ್ಯಾಮನೆಂಬುದಕ್ಕಿಂತ ಒಪ್ಪುವ ಹೆಸರು ಬೇರೆ ಯಾವುದಿದ್ದೀತು? ಮಗ ತನ್ನ ಹೆಸರನ್ನು ಕಳಚಿಟ್ಟು ತಾಯಿಯ ಹೆಸರಿಗೆ ಹೊಂದುವ ಹೆಸರನ್ನು ತೊಟ್ಟುಕೊಂಡಿದ್ದಾನೆ. ಮುಖಪುಟದ ಮೇಲೆ ಯಶೋದೆ ಕಾಣುವುದಿಲ್ಲ ನಿಜ, ಆದರೆ ಶ್ಯಾಮನೆಂದ ಕೂಡಲೇ ಆಕೆಯ ಹೆಸರು ಕೇಳಿಸುತ್ತದೆ.

ಕಿರಿಯಳು: ಓದು ಜಾಣತನದ್ದೇ. ಆದರೆ ಪುರಾಣದ ಯಶೋದೆಗೂ ಇದೇ ಪಾಡಲ್ಲವೇ? ಆಕೆಯ ವಿಚಾರದಲ್ಲಿ ಜನರಿಗೆ ಗೊತ್ತಿರುವುದೆಲ್ಲ ಮಗ ಬೆಣ್ಣೆ ಕದ್ದದ್ದು, ಮಗ ಮಣ್ಣು ತಿಂದು ಬಾಯಿ ತೆರೆದದ್ದು, ಮಗ ಮಥುರೆಗೆ ಹೊರಟುಹೋದದ್ದು. ಅವನು ಹೋದ ಮರುದಿನ ಬೆಳಿಗ್ಗೆ ಆಕೆ ಯಾರಿಗಾಗಿ ಮೊಸರು ಕಡೆದಳೆಂದು ಕೇಳುವವರು ಕಡಿಮೆ.

ಹಿರಿಯರು: ಹಾಗಾದರೆ ಮೊದಲ ರಾತ್ರಿಯಿಂದಲೇ ನೋಡೋಣ. ವಟಸಾವಿತ್ರಿ ವ್ರತವೆಂದರೆ ಜ್ಯೇಷ್ಠ ಮಾಸದಲ್ಲಿ ಮುತ್ತೈದೆಯರು ಗಂಡನ ಆಯುಷ್ಯಕ್ಕಾಗಿ ಆಲದ ಮರವನ್ನು ಪೂಜಿಸಿ ಪ್ರದಕ್ಷಿಣೆ ಹಾಕುವ ವ್ರತ. ತಾಯಿ ಜ್ವರದಿಂದ ಎದ್ದು ನಡೆಯಲಾರದೆ, ತನ್ನ ಬದಲು ಪ್ರದಕ್ಷಿಣೆ ಹಾಕಿ ಬಾ ಎಂದು ಹುಡುಗನನ್ನು ಕಳಿಸುತ್ತಾಳೆ. ಹೆಂಗಸರ ನಡುವೆ ಮರ ಸುತ್ತುವ ಗಂಡುಹುಡುಗನನ್ನು ಕಂಡರೆ ಓರಗೆಯವರು ನಗುತ್ತಾರೆಂದು ಅವನು ಹಿಂಜರಿದಾಗ, ದೇವರ ಕೆಲಸಕ್ಕೆ ನಾಚಬೇಕಾಗಿಲ್ಲ, ನಾಚಬೇಕಾದದ್ದು ಪಾಪಕ್ಕೆ ಎಂಬರ್ಥದ ಮಾತು ಹೇಳುತ್ತಾಳೆ. ಹೆಂಗಸರ ವ್ರತ, ಗಂಡಸರ ಪೂಜೆ ಎಂಬ ಗೆರೆ ಗಟ್ಟಿಯಾಗಿದ್ದ ಕೊಂಕಣದ ಹಳ್ಳಿಯಲ್ಲಿ ಶಾಸ್ತ್ರ ಓದದ ಹೆಂಗಸು ಆ ಗೆರೆಯನ್ನು ಮಗನ ಕಾಲಿನಿಂದಲೇ ಅಳಿಸಿದಳು. ಭಕ್ತಿಯನ್ನು ಬರಿಯ ವಿಧೇಯತೆ ಎಂದುಕೊಂಡವರಿಗೆ ಇದು ಕಾಣಿಸುವುದಿಲ್ಲ.

ಕಿರಿಯಳು: ಕಾಣಿಸುತ್ತದೆ, ಆದರೆ ಆ ವ್ರತ ಯಾರಿಗಾಗಿ ಎಂಬುದೂ ಕಾಣಿಸುತ್ತದೆ. ಏಳೇಳು ಜನ್ಮಕ್ಕೂ ಇದೇ ಗಂಡ ಸಿಗಲೆಂದು ಬೇಡುವ ವ್ರತ ಅದು. ಮೈ ಸುಡುತ್ತಿದ್ದರೂ ಅದನ್ನು ಬಿಡಲು ಆಕೆಗೆ ಧೈರ್ಯವಿಲ್ಲ, ಬಿಟ್ಟರೆ ಗಂಡನಿಗೆ ಕೇಡೆಂಬ ಭಯ. ಮುಂದೆ ಸಾಲದ ರಾತ್ರಿಗಳು ಬಂದಾಗ ಆ ಮನೆಯನ್ನು ಮುಳುಗಿಸಿದ ಸಾಲಕ್ಕೂ ಆಕೆಗೂ ಯಾವ ಸಂಬಂಧವೂ ಇಲ್ಲವೆಂದು ತಿಳಿಯುತ್ತದೆ. ಸಾಲ ಮಾಡಿದವರು ಒಬ್ಬರು, ವ್ರತ ಹಿಡಿದವರು ಇನ್ನೊಬ್ಬರು.

ಇಲ್ಲಿ ಆ ಮನೆತನದ ಸ್ಥಿತಿಯನ್ನು ಸ್ವಲ್ಪ ವಿವರಿಸಬೇಕು. ರತ್ನಾಗಿರಿ ಜಿಲ್ಲೆಯ ಪಾಲಗಡದ ಸಾನೆ ಮನೆತನದವರು ಖೋತರು. ಕೊಂಕಣದಲ್ಲಿ ಸರ್ಕಾರದ ಪರವಾಗಿ ಹಳ್ಳಿಯ ಕಂದಾಯವನ್ನು ಎತ್ತುವ ವಂಶಪಾರಂಪರ್ಯದ ಹಕ್ಕುಳ್ಳವರನ್ನು ಖೋತರೆನ್ನುತ್ತಿದ್ದರು. ಹಳೆಯ ಮೈಸೂರಿನ ಶಾನುಭೋಗರಿಗೆ ಇವರನ್ನು ದೂರದಿಂದ ಹೋಲಿಸಬಹುದಾದರೂ, ಶಾನುಭೋಗನ ಕೈಯಲ್ಲಿದ್ದದ್ದು ಲೆಕ್ಕದ ಪುಸ್ತಕ, ಖೋತನ ಕೈಯಲ್ಲಿದ್ದದ್ದು ನೆಲದ ಮೇಲಿನ ಹಿಡಿತ. ಸಾನೆಯವರ ತಂದೆ ಸದಾಶಿವರಾಯರ ಕಾಲಕ್ಕೆ ಆ ಸಿರಿ ಇಳಿದು, ಪುಸ್ತಕದ ಉತ್ತರಾರ್ಧದಲ್ಲಿ ಮನೆಯ ಮೇಲೆ ಜಪ್ತಿ ಬಂದು, ಊರಲ್ಲಿ ಡಂಗುರ ಹೊಡೆಯುವವರೆಗೆ ಅವಮಾನ ಮುಟ್ಟುತ್ತದೆ. ಡಂಗುರದ ಸದ್ದನ್ನು ಮನೆಯೊಳಗೆ ಕುಳಿತು ಕೇಳಿದವಳು ಆ ತಾಯಿ. ಶಾನುಭೋಗಿಕೆಯ ಹೋಲಿಕೆ ಸಂವಾದವನ್ನು ಕನ್ನಡದ ಕಡೆಗೆ ತಿರುಗಿಸಿತು.

ಕಿರಿಯಳು: ಕನ್ನಡದಲ್ಲಿ ಎಸ್. ಎಲ್. ಭೈರಪ್ಪನವರ 'ಗೃಹಭಂಗ' (1970) ಇದೆ. ಅದು ಕಾದಂಬರಿ, ನೆನಪಿನ ಪುಸ್ತಕವಲ್ಲ. ಆದರೂ ಅದರ ನಂಜಮ್ಮನ ಹಿಂದೆ ಲೇಖಕರ ತಾಯಿಯ ನೆರಳಿದೆಯೆಂಬುದು ಓದುಗರಿಗೆಲ್ಲ ತಿಳಿದದ್ದೇ. ಅಲ್ಲಿಯೂ ಶಾನುಭೋಗರ ಮನೆ, ಕೈಲಾಗದ ಗಂಡ, ಸಾಲ, ಹೋದ ಆಸ್ತಿ. ಆದರೆ ನಂಜಮ್ಮನಿಗೆ ಹೆಸರಿದೆ, ಕಸುಬಿದೆ. ಗಂಡನ ಹೆಸರಿನಲ್ಲಿ ಶಾನುಭೋಗಿಕೆಯ ಲೆಕ್ಕ ಬರೆಯುವವಳು ಆಕೆ, ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ಹೊರೆಯುವವಳೂ ಆಕೆಯೇ. ಲೇಖಕರು ಆಕೆಯನ್ನು ದೇವತೆಯಾಗಿಸಲಿಲ್ಲ. ಆ ನೆನಪು ಹೆಚ್ಚು ಪ್ರಾಮಾಣಿಕವಾದದ್ದು.

ಹಿರಿಯರು: ಒಳ್ಳೆಯ ಉದಾಹರಣೆಯನ್ನೇ ತಂದೆ, ಏಕೆಂದರೆ ಎಲೆ ಎರಡೂ ಪುಸ್ತಕಗಳಲ್ಲಿದೆ. ಶ್ಯಾಮನ ಒಂದು ರಾತ್ರಿಗೆ 'ಪತ್ರಾವಳಿ' ಎಂದೇ ಹೆಸರು. ಊಟದ ಎಲೆ ಹಚ್ಚಲು ಬಾರದ, ಅದು ತನ್ನ ಕೆಲಸವಲ್ಲವೆಂದು ತಪ್ಪಿಸಿಕೊಳ್ಳುತ್ತಿದ್ದ ಹುಡುಗ ಕೊನೆಗೆ ಎಲೆಯ ಮೇಲೆ ಎಲೆಯಿಟ್ಟು ಕಡ್ಡಿ ಚುಚ್ಚುವುದನ್ನು ಕಲಿಯುತ್ತಾನೆ. ಕಡ್ಡಿ ಉದ್ದವಾದರೆ ಉಣ್ಣುವವರ ಬೆರಳಿಗೆ ತಾಗುತ್ತದೆ, ಗಿಡ್ಡವಾದರೆ ಎಲೆ ಬಿಚ್ಚಿ ಸಾರು ನೆಲಕ್ಕಿಳಿಯುತ್ತದೆ. ಎಲೆ ಹಚ್ಚಿದವರಿಗೆಲ್ಲ ಈ ಹದ ಗೊತ್ತು. ನಂಜಮ್ಮನಿಗೆ ಎಲೆ ಸಂಪಾದನೆಯಾದರೆ ಯಶೋದೆಗೆ ಅದು ಪಾಠ. ಎರಡನ್ನೂ ತಾಯಂದಿರು ಮಾಡಿದ್ದಾರೆ. ಸಂಪಾದನೆ ಪ್ರಾಮಾಣಿಕ, ಪಾಠ ಅಲಂಕಾರ ಎನ್ನುವುದು ಯಾವ ನ್ಯಾಯ?

ಕಿರಿಯಳು: ಪಾಠವನ್ನು ಪಾಠವೆಂದು ಗುರುತಿಸಿದವನು ಮಗ, ಅದೂ ಎಷ್ಟೋ ವರ್ಷಗಳ ನಂತರ, ಜೈಲಿನಲ್ಲಿ ಕುಳಿತು. ಆಕೆ ಎಲೆ ಹಚ್ಚು ಎಂದದ್ದು ಬಹುಶಃ ಅಂದು ಮನೆಯಲ್ಲಿ ಎಲೆ ಕಡಿಮೆಯಿದ್ದುದಕ್ಕೆ ಇರಬಹುದು. ಇಂಥ ಪುಸ್ತಕಗಳಲ್ಲಿ ತಾಯಿ ಬೇಸರಕ್ಕೆ, ಆಯಾಸಕ್ಕೆ, ಸುಮ್ಮನೆ ಸಿಟ್ಟಿಗೆ ಒಂದು ಮಾತು ಆಡುವಂತೆಯೇ ಇಲ್ಲ; ಆಡಿದ್ದೆಲ್ಲ ಉಪದೇಶವಾಗಿಬಿಡುತ್ತದೆ.

ಹಿರಿಯರು: ಈಜುವ ರಾತ್ರಿಯನ್ನು ಮರೆತೆ. ನೀರಿಗೆ ಹೆದರಿ ಅಡಗಿ ಕುಳಿತ ಮಗನನ್ನು ಆ ತಾಯಿ ಹೊಡೆದು ಬಾವಿಗೆ ಅಟ್ಟುತ್ತಾಳೆ. ಅಲ್ಲಿ ಬೇಕಾದಷ್ಟು ಸಿಟ್ಟಿದೆ.

ಕಿರಿಯಳು: ಆ ಏಟಿಗೂ ಒಂದು ನೀತಿ ಸಿಕ್ಕಿತಲ್ಲ, ಗುರುಗಳೇ.

ಹಿರಿಯರು ಇದಕ್ಕೆ ನಕ್ಕರು, ಉತ್ತರ ಕೊಡಲಿಲ್ಲ. ಹಸ್ತಪ್ರತಿಯ ನಡುವಿನಿಂದ ಒಂದು ಹಾಳೆಯನ್ನು ತೆಗೆದು ಮುಂದಿಟ್ಟರು. ಅನುವಾದದಲ್ಲಿ ಅವರನ್ನು ಅತಿ ಹೆಚ್ಚು ಕಾಡಿದ ಪ್ರಸಂಗ ಅದರಲ್ಲಿತ್ತು: ಅಂದು ಅಸ್ಪೃಶ್ಯರೆಂದು ದೂರವಿಡಲಾಗಿದ್ದ ಮಹಾರ ಜಾತಿಯ ಮುದುಕಿಯೊಬ್ಬಳ ತಲೆಯಿಂದ ಕಟ್ಟಿಗೆಯ ಹೊರೆ ಜಾರಿ ಬಿದ್ದಿದೆ, ಎತ್ತಿ ಹೊರಿಸುವವರು ಯಾರೂ ಇಲ್ಲ, ಇದನ್ನು ತಿಳಿದ ತಾಯಿ ಮಗನನ್ನು ಹೋಗಿ ಎತ್ತಿಕೊಡು ಎಂದು ಕಳಿಸುತ್ತಾಳೆ, ನೋಡಿದವರು ಏನೆಂದಾರೆಂದು ಅವನು ಕೇಳಿದರೆ, ಮನೆಗೆ ಹೋಗಿ ಸ್ನಾನ ಮಾಡುತ್ತೇನೆಂದು ಹೇಳು ಎಂಬ ದಾರಿ ತೋರಿಸುತ್ತಾಳೆ. ಆ ರಾತ್ರಿಯ ಹೆಸರಿಗೆ 'ದೇವರಿಗೆ ಎಲ್ಲ ಮಕ್ಕಳೂ ಪ್ರಿಯ' ಎಂಬರ್ಥವಿದೆ.

ಕಿರಿಯಳು: ಇಲ್ಲಿಯೇ ಎಲ್ಲವೂ ಇದೆ. ಮುಟ್ಟು, ಆಮೇಲೆ ಮೈ ತೊಳೆದುಕೋ. ದೇವರಿಗೆ ಎಲ್ಲ ಮಕ್ಕಳೂ ಪ್ರಿಯವಾದರೆ ಸ್ನಾನ ಏತಕ್ಕೆ? ಕರುಣೆಯಿದೆ, ಆದರೆ ಕರುಣೆಯನ್ನು ಮೈಲಿಗೆಯ ಲೆಕ್ಕಕ್ಕೆ ಹಾಕಿ, ಸಂಜೆಯೊಳಗೆ ಲೆಕ್ಕ ಚುಕ್ತಾ ಮಾಡಲಾಗಿದೆ.

ಹಿರಿಯರು: ಆ ಮಾತು ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಆರಂಭದ ಕೊಂಕಣದ ಒಂದು ಊರಿನ ಬ್ರಾಹ್ಮಣ ಮನೆಯಲ್ಲಿ ಎಂಬುದನ್ನು ಮರೆಯಬಾರದು. ಸ್ನಾನದ ಮಾತು ಆಕೆಯ ನಂಬಿಕೆಯೂ ಇರಬಹುದು, ಊರಿನವರ ಬಾಯಿ ಮುಚ್ಚಿಸಲು ಮಗನ ಕೈಗೆ ಕೊಟ್ಟ ಗುರಾಣಿಯೂ ಇರಬಹುದು. ಮುಟ್ಟಬೇಡ ಎಂದಿದ್ದರೆ ಸ್ನಾನದ ಪ್ರಶ್ನೆಯೇ ಏಳುತ್ತಿರಲಿಲ್ಲ. ಆಕೆ ಮುಟ್ಟು ಎಂದದ್ದರಿಂದಲೇ ಸ್ನಾನದ ಮಾತು ಬಂತು. ಆ ಕಾಲದಲ್ಲಿ ಅಷ್ಟು ದೂರ ಬಂದವರೇ ವಿರಳ.

ಕಿರಿಯಳು: ಆ ಕಾಲ ಎಂಬ ಮಾತು ಮಹಾರಾಷ್ಟ್ರದ ಮಟ್ಟಿಗೆ ಅಷ್ಟು ಸುಲಭವಾಗಿ ಒಪ್ಪುವಂಥದ್ದಲ್ಲ. ಹದಿನಾಲ್ಕನೆಯ ಶತಮಾನದ ಸಂತ ಚೋಖಾಮೇಳ ಇದೇ ಮಹಾರ ಜಾತಿಯವನು. ಅವನ ಹೆಂಡತಿ ಸೊಯರಾಬಾಯಿ, ಮಗ ಕರ್ಮಮೇಳ, ಇಬ್ಬರೂ ಅಭಂಗಗಳನ್ನು, ಅಂದರೆ ವಾರಕರಿ ಪಂಥದ ಭಕ್ತಿಗೀತೆಗಳನ್ನು ಕಟ್ಟಿದವರು. ಮೈಲಿಗೆಯಿಲ್ಲದೆ ಹುಟ್ಟಿದ ದೇಹ ಯಾವುದೆಂದು ಸೊಯರಾಬಾಯಿ ದೇವರನ್ನೇ ಕೇಳಿದ್ದಾಳೆ. ಆಕೆಯೂ ತಾಯಿ, ಆಕೆಯೂ ಭಕ್ತೆ, ಮನೆ ನಡೆಸಿದವಳು. ಪಾಲಗಡದ ಮನೆಯಲ್ಲಿ ಸ್ನಾನ ಬೇಕೆನಿಸಿದ ದಿನಕ್ಕೆ ಆ ಪ್ರಶ್ನೆ ಐನೂರು ವರ್ಷ ಹಳೆಯದಾಗಿತ್ತು.

ಹಿರಿಯರು: ಇದು ಬಲವಾದ ಮಾತು, ಒಪ್ಪಲೇಬೇಕು. ಆದರೆ ಪ್ರಶ್ನೆ ಹಳೆಯದಾದ ಮಾತ್ರಕ್ಕೆ ಎಲ್ಲ ಮನೆಗಳ ಹೊಸ್ತಿಲನ್ನೂ ದಾಟಿರುತ್ತದೆಯೇ? ಪಂಢರಪುರದ ಮಹಾದ್ವಾರದೆದುರು ಚೋಖಾಮೇಳನ ಸಮಾಧಿ ಇದೆ, ಗುಡಿಯ ಹೊರಗೆ. ಅವನ ಹಾಡನ್ನು ಹಾಡುತ್ತ ನಡೆದುಬಂದವರು ಅವನ ಜಾತಿಯವರನ್ನು ಹೊರಗೇ ನಿಲ್ಲಿಸಿ ಒಳಗೆ ಹೋದರು, ಶತಮಾನಗಳ ಕಾಲ. ಅದನ್ನು ಕೊನೆಗಾಣಿಸಲೆಂದು 1947ರ ಮೇ ತಿಂಗಳಲ್ಲಿ ಉಪವಾಸ ಕುಳಿತವರು ಯಾರು? ಆ ಹೊರೆಯನ್ನು ಎತ್ತಿಕೊಟ್ಟ ಹುಡುಗನೇ. ಮೊದಲು ತಿಂಗಳುಗಟ್ಟಲೆ ಊರೂರು ತಿರುಗಿ, ಆಮೇಲೆ ಹತ್ತು ದಿನಗಳ ಕಾಲ ಅನ್ನ ಬಿಟ್ಟರು; ವಿಠ್ಠಲನ ಗುಡಿಯ ಬಾಗಿಲು ಹರಿಜನರೆಂದು ಆಗ ಕರೆಯಲಾಗುತ್ತಿದ್ದ ಜನಕ್ಕೆ ತೆರೆಯಿತು. ಪಾಂಡುರಂಗನೆಂಬ ಹೆಸರಿನ ಮನುಷ್ಯ ಪಾಂಡುರಂಗನ ಬಾಗಿಲಲ್ಲಿ ಹಸಿದು ಕುಳಿತ. ಆ ಹೆಸರಿಟ್ಟ ಮನೆಯ ಭಕ್ತಿಯಿಂದಲೇ ಆ ಹಸಿವೂ ಬಂತು ಎಂದರೆ ತಪ್ಪೇನು?

ಕಿರಿಯಳು: ತಪ್ಪೆಂದಲ್ಲ, ಅರ್ಧವೆಂದು. ಮಗ ಸ್ನಾನವನ್ನು ಬಿಟ್ಟದ್ದರಿಂದ ಉಪವಾಸ ಸಾಧ್ಯವಾಯಿತು. ತಾಯಿಯ ಮಾತನ್ನು ಪೂರ್ತಿ ಪಾಲಿಸಿದ್ದರೆ ಆಗುತ್ತಿರಲಿಲ್ಲ. ಅದು ಗಾಂಧೀಜಿಯ ಕಾಲದ, ಅಂಬೇಡ್ಕರರ ಕಾಲದ ಅರಿವು. ನಾಸಿಕದ ಕಾಳಾರಾಮ ಮಂದಿರದ ಬಾಗಿಲಲ್ಲಿ ಅಂಬೇಡ್ಕರರ ಸತ್ಯಾಗ್ರಹ ಶುರುವಾದದ್ದು 1930ರಲ್ಲಿ. ಅದೇ ನಾಸಿಕದ ಜೈಲಿನಲ್ಲಿ, ಮೂರು ವರ್ಷಗಳ ನಂತರ, ಹೊರೆಯ ಮುದುಕಿಯ ನೆನಪು ಬರೆಹಕ್ಕೆ ಇಳಿಯಿತು. ನೆನಪು ತಾಯಿಯದು, ಅದನ್ನು ನೆನೆಯುವಂತೆ ಮಾಡಿದ ಒತ್ತಡ ಬೀದಿಯದು. ಎಲ್ಲವನ್ನೂ ತಾಯಿಯ ಮಡಿಲಿಗೆ ಹಾಕಿದರೆ, ಬಾಗಿಲಲ್ಲಿ ನಿಂತು ಏಟು ತಿಂದವರ ಪಾಲು ಎಲ್ಲಿ ಹೋಗಬೇಕು?

ಹಿರಿಯರು: ಬೀದಿ ಎಲ್ಲರಿಗೂ ಒಂದೇ ಇತ್ತು, ತಂಗಿ. ಕಾಳಾರಾಮದ ಸುದ್ದಿಯನ್ನು ಆ ಜೈಲಿನಲ್ಲಿದ್ದ ಎಷ್ಟೋ ಜನ ಕೇಳಿದ್ದರು. ಅದನ್ನು ಕೇಳಿ ತಾಯಿಯನ್ನು ನೆನೆದವರು, ತಾಯಿ ಹೇಳಿದ ಸ್ನಾನವನ್ನೂ ಮುಚ್ಚಿಡದೆ ಬರೆದವರು ಎಷ್ಟು ಮಂದಿ? ಸುಳ್ಳು ಹೇಳಬೇಕೆಂದಿದ್ದರೆ ಆ ಒಂದು ವಾಕ್ಯವನ್ನು ಬಿಟ್ಟಿದ್ದರೆ ಸಾಕಿತ್ತು. ದೇವತೆಯಂಥ ತಾಯಿ ಸಿಕ್ಕುತ್ತಿದ್ದಳು. ಬಿಡಲಿಲ್ಲ. ನೀನು ಹುಡುಕುವ ಪ್ರಾಮಾಣಿಕತೆ ಅಲ್ಲಿದೆ.

ಇದಾದ ಮೇಲೆ ಮಾತು ಸ್ವಲ್ಪ ಹೊತ್ತು ಪಂಢರಪುರದಲ್ಲಿಯೇ ನಿಂತಿತು. ಮರಾಠಿ ಸಂತರು ವಿಠ್ಠಲನನ್ನು ಕನ್ನಡಿಗನೆಂದೇ ಕರೆದದ್ದು, ಹರಿದಾಸರು ಅವನ ಹೆಸರನ್ನು ತಮ್ಮ ಅಂಕಿತಗಳಲ್ಲಿ, ಅಂದರೆ ಹಾಡಿನ ಕೊನೆಗೆ ಬರುವ ಮುದ್ರಿಕೆಯಲ್ಲಿ, ಇರಿಸಿಕೊಂಡದ್ದು ಇಬ್ಬರಿಗೂ ತಿಳಿದ ವಿಷಯವಾದ್ದರಿಂದ ಅದನ್ನು ಬೆಳೆಸಲಿಲ್ಲ. ಆ ಊರಿನಿಂದ ಕೆಳಗೆ ಹರಿಯುವ ಭೀಮೆಯ ಮಾತು ಬಂದಾಗ ಕಿರಿಯಳು ಮತ್ತೆ ತನ್ನ ಪ್ರಶ್ನೆಗೆ ಮರಳಿದಳು.

ಕಿರಿಯಳು: ಅದೇ ಭೀಮೆ ಮುಟ್ಟಿ ಹೋಗುವ ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತವರ ಗೆಳೆಯರು ಸೇರಿ ಬೀಸುವ ಕಲ್ಲಿನ ಪದಗಳನ್ನು ಕಲೆಹಾಕಿದರು. 'ಗರತಿಯ ಹಾಡು' 1931ರಲ್ಲಿ ಅಚ್ಚಾಯಿತು. ಶ್ಯಾಮನ ಪುಸ್ತಕಕ್ಕಿಂತ ನಾಲ್ಕು ವರ್ಷ ಮೊದಲು. ಅದರಲ್ಲಿಯೂ ತಾಯಿಯ ನೆನಪು ತುಂಬಿದೆ, ಆದರೆ ನೆನೆಯುವವರು ಹೆಣ್ಣುಮಕ್ಕಳು. ಅತ್ತೆಯ ಮನೆಯಲ್ಲಿ ನಸುಕಿನಲ್ಲಿ ಎದ್ದು, ಕಲ್ಲಿನ ಗೂಟ ಹಿಡಿದು, ಜೋಳ ಬೀಸುತ್ತ ಹಡೆದವ್ವನನ್ನು ಕರೆಯುತ್ತಾರೆ. ಅಲ್ಲಿ ತಾಯಿ ಪಾಠ ಹೇಳುವುದಿಲ್ಲ. ತಾಯಿ ಇಲ್ಲದ ತವರು ಏನೆಂಬುದಷ್ಟೇ ಇದೆ. ಮಗನ ನೆನಪಿಗೂ ಮಗಳ ನೆನಪಿಗೂ ಇಷ್ಟು ಅಂತರವಿದೆ: ಮಗನಿಗೆ ತಾಯಿ ಕೊಟ್ಟದ್ದು ನೆನಪಾಗುತ್ತದೆ, ಮಗಳಿಗೆ ತಾಯಿ ಪಟ್ಟದ್ದು ನೆನಪಾಗುತ್ತದೆ, ಏಕೆಂದರೆ ಈಗ ಅದನ್ನು ಪಡುತ್ತಿರುವವಳು ಮಗಳೇ.

ಹಿರಿಯರು: ಚೆಂದ ಹೇಳಿದೆ, ಆದರೆ ಅತಿ ನೇರವಾಗಿ ಗೆರೆ ಎಳೆದೆ. ಆ ಪದಗಳಲ್ಲಿ ಬೀಸುವ ಹೆಂಗಸು ಮೊದಲು ನೆನೆಯುವುದು ದೇವರನ್ನು; ಕಲ್ಲಿಗೇ ಕೈಮುಗಿದು ಶುರುಮಾಡುವ ಪದಗಳಿವೆ. ತವರು, ತಾಯಿ, ದೇವರು ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ಆಕೆಯ ಭಕ್ತಿಯನ್ನು ಸುಲಿದು ಬರಿಯ ನೋವನ್ನು ಉಳಿಸಿಕೊಂಡರೆ ಅದೂ ಒಂದು ಬಗೆಯ ಅನ್ಯಾಯ. ಇನ್ನೊಂದು ಸಂಗತಿ: ಹಿಟ್ಟಿನ ಗಿರಣಿ ಬಂತು, ಬೀಸುವ ಕಲ್ಲು ಮೂಲೆಗೆ ಸೇರಿತು, ಪದ ನಿಂತಿತು. ಹಲಸಂಗಿಯ ಗೆಳೆಯರು ಬರೆದುಕೊಳ್ಳದಿದ್ದರೆ ಆ ಹೆಣ್ಣುಮಕ್ಕಳ ತಾಯಂದಿರು ಉಳಿಯುತ್ತಿರಲಿಲ್ಲ. ಬರೆದುಕೊಂಡವರು ಯಾರದೋ ಗಂಡುಮಕ್ಕಳೇ ತಾನೆ?

ಕಿರಿಯಳು: ಬರೆದುಕೊಂಡವರಿಗೆ ಋಣ ಸಲ್ಲಲಿ. ಆದರೆ ಅವರು ಆ ತಾಯಂದಿರ ಬಾಯಿಗೆ ಮಾತು ಹಾಕಲಿಲ್ಲ, ಕೇಳಿದ್ದನ್ನು ಬರೆದರು. ಸಾನೆಯವರಿಗೆ ಕೇಳಲು ಯಾರೂ ಉಳಿದಿರಲಿಲ್ಲ.

ಈ ಮಾತಿನಲ್ಲಿ ಹಿರಿಯರಿಗೂ ಅಲ್ಲಗಳೆಯಲಾಗದ ಒಂದು ಸತ್ಯವಿತ್ತು. ಯಶೋದಾಬಾಯಿ ತೀರಿಕೊಂಡದ್ದು 1917ರಲ್ಲಿ. ಮಗ ಓದಿಗಾಗಿ ಊರು ಬಿಟ್ಟು ದೂರದಲ್ಲಿದ್ದ, ಕೊನೆಯ ಗಳಿಗೆಯಲ್ಲಿ ಜೊತೆಗಿರಲಿಲ್ಲ. ಪುಸ್ತಕದ ಕೊನೆಯ ರಾತ್ರಿಗೆ 'ಸ್ಮೃತಿಶ್ರಾದ್ಧ' ಎಂಬ ಮಾತು ಹೆಸರಾಗಿದೆ. ಶ್ರಾದ್ಧವೆಂದರೆ ಸತ್ತವರಿಗೆ ಎಳ್ಳುನೀರು, ಪಿಂಡಗಳನ್ನು ಅರ್ಪಿಸುವ ಕರ್ಮ. ಇಲ್ಲಿ ಅರ್ಪಿಸಲು ನೆನಪಷ್ಟೇ ಇದ್ದುದರಿಂದ ಅದೇ ಪಿಂಡವಾಯಿತು.

ಹಿರಿಯರು: ಹಾಗಿದ್ದರೆ ಆ ಪುಸ್ತಕವನ್ನು ತಾಯಿಯ ಚರಿತ್ರೆಯೆಂದು ಓದುವುದೇ ತಪ್ಪಾದೀತು. ಹೊತ್ತಿಗೆ ಸರಿಯಾಗಿ ಬಾರದ ಮಗ ಮಾಡಿದ ಕರ್ಮ ಅದು. ಶ್ರಾದ್ಧದ ದಿನ ಸತ್ತವರ ದೋಷಗಳನ್ನು ಎಣಿಸುವ ಪದ್ಧತಿ ಇಲ್ಲ.

ಕಿರಿಯಳು: ಎಣಿಸುವುದು ಬೇಡ. ಆದರೆ ಶ್ರಾದ್ಧದಲ್ಲಿ ಸತ್ತವರ ಹೆಸರು, ಗೋತ್ರ ಹೇಳದೆ ಪಿಂಡ ಇಡುವುದಿಲ್ಲವಲ್ಲ, ಗುರುಗಳೇ. ಆರಂಭದಲ್ಲಿ ಕೇಳಿದ್ದು ಅದನ್ನೇ.

ಹಿರಿಯರು: ಹೆಸರಿನ ವಿಚಾರದಲ್ಲಿ ಅನುವಾದಕನಿಗೆ ಬೇರೊಂದು ತೊಡಕಿದೆ. 'ಆಯಿ' ಎಂಬುದನ್ನು ಏನೆಂದು ಕನ್ನಡಿಸಬೇಕು? ತಾಯಿ ಎಂದರೆ ಪುಸ್ತಕದ ಮಾತಾಯಿತು, ಅಮ್ಮ ಎಂದರೆ ಮೈಸೂರಿನ ಕಡೆಯದಾಯಿತು, ಅವ್ವ ಎಂದರೆ ಹೊಲದ ವಾಸನೆ ಬಂತು. ಹಾಗೆಯೇ ಬಿಡೋಣವೆಂದರೆ ಧಾರವಾಡದ ಎಷ್ಟೋ ಮನೆಗಳಲ್ಲಿ ಆಯಿ ಎಂದರೆ ಅಜ್ಜಿ. ಉತ್ತರ ಕನ್ನಡದ ಹವ್ಯಕರ ಮನೆಗಳಲ್ಲಿ ಮಾತ್ರ ಹೆತ್ತವಳನ್ನು ಆಯಿ ಎಂದೇ ಕೂಗುತ್ತಾರೆ.

ಕಿರಿಯಳು: ಆಯಿ ಎಂದೇ ಇರಲಿ. ಹೊರೆ ಹೊತ್ತ ಆ ಮುದುಕಿಗೂ ಮಕ್ಕಳಿದ್ದರೆ, ಅವರೂ ಆಕೆಯನ್ನು ಹಾಗೆಯೇ ಏನೋ ಒಂದು ಕೂಗಿರುತ್ತಾರೆ. ಆ ರಾತ್ರಿಯ ಅನುವಾದದಲ್ಲಿ ಆಕೆಯನ್ನು ಮೂರು ಕಡೆ 'ಮುದುಕಿ' ಎಂದಿದೆ.

ಹಿರಿಯರು ಹಾಳೆಯನ್ನು ಮರಳಿ ಎತ್ತಿಕೊಂಡು ಮೂರೂ ಕಡೆಗಳನ್ನು ಹುಡುಕಿದರು. ಮೂಲದಲ್ಲಿಯೂ ಹಾಗೆಯೇ ಇದೆಯೆಂದು ಹೇಳಿದರು. ಹೇಳಿದ ಮೇಲೂ ಪೆನ್ಸಿಲಿನಿಂದ ಆ ಪದದ ಕೆಳಗೆ ಒಂದೊಂದು ಗೆರೆ ಎಳೆದು, ಬದಿಯಲ್ಲಿ ಏನನ್ನೂ ಬರೆಯದೆ ಹಾಳೆಯನ್ನು ಪಕ್ಕಕ್ಕಿಟ್ಟರು.